ಹಾಟ್‌ಸೀಟಿನಲ್ಲಿ ಕುಳಿತವರನ್ನು ನಾವು ನೋಡಿದೆವೇ?



ಟಿ.ವಿ.ಯ ರಸಪ್ರಶ್ನೆ ಕಾರ್ಯಕ್ರಮಕ್ಕೂ ಬಸವತತ್ತ್ವ ಪ್ರಸಾರಕ್ಕೆಂದೇ ಇರುವ ಪತ್ರಿಕೆಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವಿದೆ. ‘ಕೌನ್ ಬನೇಗಾ ಕರೋಡ್‌ಪತಿ’ಯ ಒಂದು ಸಂಚಿಕೆ ಪ್ರಸಾರವಾಗಿ ವರ್ಷಗಳೇ ಕಳೆದರೂ ಅದರಲ್ಲಿ ಬಂದ ಒಂದು ಪ್ರಶ್ನೆಯ ತುಣುಕು ಈಗಲೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಾಗ, ಮದುವೆ ಮನೆಯಲ್ಲಿ ನಾಲ್ಕು ಜನ ಸೇರಿದಾಗ, ಆ ಪ್ರಶ್ನೆ ಕೇಳಿದ್ದು ಸರಿಯೇ ತಪ್ಪೇ ಎಂಬ ವಾದ ಮತ್ತೆ ಏಳುತ್ತದೆ. ವಾದ ಏಳಲಿ, ಅದು ಆರೋಗ್ಯದ ಲಕ್ಷಣ. ಆದರೆ ಇಷ್ಟು ವಾದ ಮಾಡಿದ ನಾವು ಆ ಸಂಚಿಕೆಯಲ್ಲಿ ನೋಡಲೇಬೇಕಾಗಿದ್ದ ಒಂದನ್ನು ನೋಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ಹೇಳುವುದಕ್ಕೇ ಈ ಬರಹ.

2020ರ ಅಕ್ಟೋಬರ್ 30ರಂದು ಆ ಸಂಚಿಕೆ ಪ್ರಸಾರವಾಯಿತು. ಅದು ‘ಕರ್ಮವೀರ’ ವಿಶೇಷ. ಸಮಾಜಕ್ಕಾಗಿ ದುಡಿದವರನ್ನು ಕರೆಸಿ ಆಡಿಸುವ ಸಂಚಿಕೆಗಳಿಗೆ ಆ ಹೆಸರು. ನಡೆಸಿಕೊಡುವವರು ಎಂದಿನಂತೆ ಅಮಿತಾಭ್ ಬಚ್ಚನ್. 6 ಲಕ್ಷ 40 ಸಾವಿರ ರೂಪಾಯಿಗೆ ಕೇಳಿದ ಪ್ರಶ್ನೆ ಇದು: 1927ರ ಡಿಸೆಂಬರ್ 25ರಂದು ಡಾ. ಬಿ.ಆರ್. ಅಂಬೇಡ್ಕರ್ ಮತ್ತು ಅವರ ಅನುಯಾಯಿಗಳು ಯಾವ ಧರ್ಮಗ್ರಂಥದ ಪ್ರತಿಗಳನ್ನು ಸುಟ್ಟರು? ಕೊಟ್ಟ ಆಯ್ಕೆಗಳು ನಾಲ್ಕು: ವಿಷ್ಣುಪುರಾಣ, ಭಗವದ್ಗೀತೆ, ಋಗ್ವೇದ, ಮನುಸ್ಮೃತಿ. ಸರಿಯುತ್ತರ ಮನುಸ್ಮೃತಿ.

ಮರುದಿನದಿಂದಲೇ ಗದ್ದಲ ಶುರುವಾಯಿತು. ಧಾರ್ಮಿಕ ಭಾವನೆಗೆ ಧಕ್ಕೆಯಾಗಿದೆ ಎಂದು ಮಹಾರಾಷ್ಟ್ರದ ಶಾಸಕರೊಬ್ಬರು ಲಾತೂರಿನಲ್ಲಿ ಪೊಲೀಸರಿಗೆ ದೂರು ಕೊಟ್ಟರು. ನಾಲ್ಕೂ ಆಯ್ಕೆಗಳು ಒಂದೇ ಧರ್ಮದ ಗ್ರಂಥಗಳಾಗಿವೆ, ಬೇಕೆಂದೇ ಹೀಗೆ ಮಾಡಿದ್ದಾರೆ ಎಂಬುದು ಮುಖ್ಯ ಆಕ್ಷೇಪ. ಕಾರ್ಯಕ್ರಮವನ್ನು ಇಪ್ಪತ್ತು ವರ್ಷಗಳಿಂದ ತಪ್ಪದೆ ನೋಡಿಕೊಂಡು ಬಂದವರಲ್ಲೇ ಎರಡು ಪಂಗಡಗಳಾದವು. ಒಬ್ಬರು ಇದು ಕುತಂತ್ರದ ಪ್ರಶ್ನೆ ಎಂದರು. ಇನ್ನೊಬ್ಬರು ಇತಿಹಾಸ ಕೇಳಿದರೆ ಕುತಂತ್ರ ಹೇಗಾದೀತು ಎಂದರು.

ಮೊದಲು ಈ ಆಕ್ಷೇಪವನ್ನೇ ಸಮಾಧಾನದಿಂದ ಪರಿಶೀಲಿಸೋಣ. ರಸಪ್ರಶ್ನೆಯಲ್ಲಿ ತಪ್ಪು ಆಯ್ಕೆಗಳು ಸರಿಯುತ್ತರದ ಜಾತಿಯವೇ ಆಗಿರಬೇಕು. ಕನ್ನಡದ ಕವಿಯ ಹೆಸರು ಕೇಳಿ ಆಯ್ಕೆಯಲ್ಲಿ ಮೂವರು ಕ್ರಿಕೆಟ್ ಆಟಗಾರರನ್ನು ಇಟ್ಟರೆ ಅದು ಪ್ರಶ್ನೆಯಾಗುವುದಿಲ್ಲ, ಮಕ್ಕಳಾಟವಾಗುತ್ತದೆ. ಸಂಸ್ಕೃತದ ಒಂದು ಪ್ರಾಚೀನ ಗ್ರಂಥ ಉತ್ತರವಾಗಿರುವಾಗ ಅದರ ಅಕ್ಕಪಕ್ಕದಲ್ಲಿ ಸಂಸ್ಕೃತದ ಪ್ರಾಚೀನ ಗ್ರಂಥಗಳನ್ನೇ ಇಡುವುದು ಪ್ರಶ್ನೆ ತಯಾರಿಸುವವರ ಸಾಮಾನ್ಯ ಪದ್ಧತಿ. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಉತ್ತರ ಮನುಸ್ಮೃತಿ ಎಂದಾಗ ಉಳಿದ ಮೂರನ್ನು ಸುಡಲಿಲ್ಲ ಎಂದೂ ಹೇಳಿದಂತಾಯಿತು. ಅಂಬೇಡ್ಕರರ ಸಿಟ್ಟು ಕಂಡಕಂಡ ಗ್ರಂಥದ ಮೇಲಿರಲಿಲ್ಲ, ಮನುಷ್ಯರನ್ನು ಹುಟ್ಟಿನಿಂದ ಮೇಲು ಕೀಳು ಮಾಡುವ ಕಟ್ಟಳೆಯ ಮೇಲಿತ್ತು. ಆ ಪ್ರಶ್ನೆಯನ್ನು ಪೂರ್ತಿ ಕೇಳಿ ಉತ್ತರವನ್ನೂ ಕೇಳಿದವರಿಗೆ ಈ ಭೇದ ತಿಳಿಯದೆ ಇರದು.

ಇನ್ನು ಘಟನೆಯ ವಿಷಯ. ಇದು ಯಾರೋ ಹುಟ್ಟಿಸಿದ ಕಥೆಯಲ್ಲ. 1927ರ ಮಾರ್ಚ್ 20ರಂದು ಕೊಂಕಣದ ಮಹಾಡ್ ಊರಿನಲ್ಲಿ ಅಂಬೇಡ್ಕರರು ತಮ್ಮವರೊಂದಿಗೆ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ದನಕರುಗಳಿಗೆ ಬಿಟ್ಟ ನೀರು ಮನುಷ್ಯರಿಗೆ ನಿಷಿದ್ಧವಾಗಿತ್ತು. ಆಮೇಲೆ ಕೆರೆಗೆ ಶುದ್ಧೀಕರಣವನ್ನೂ ಮಾಡಿದರು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲಿಯೇ ಎರಡನೆಯ ಸಮ್ಮೇಳನ ಸೇರಿ ಮನುಸ್ಮೃತಿಯ ದಹನ ನಡೆಯಿತು. ಆ ನಿರ್ಣಯವನ್ನು ಸಭೆಯ ಮುಂದಿಟ್ಟವರು ಗಂಗಾಧರ ನೀಲಕಂಠ ಸಹಸ್ರಬುದ್ಧೆ. ಅವರು ಬ್ರಾಹ್ಮಣರು, ಅಂಬೇಡ್ಕರರ ಆಪ್ತ ಸಹಕಾರಿ. ಒಂದು ಜಾತಿಯವರು ಇನ್ನೊಂದು ಜಾತಿಯವರ ಮೇಲೆ ಮಾಡಿದ ದಾಳಿ ಅದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಲಿಂಗವಂತರಾದ ನಮಗಂತೂ ಈ ಘಟನೆ ಹೊಸದಾಗಿ ಕಾಣಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಪ್ಪ ಬಸವಣ್ಣನವರು ಮತ್ತು ಅವರ ಸಂಗಡಿಗರು ಪುಸ್ತಕಕ್ಕೆ ಬೆಂಕಿ ಇಡಲಿಲ್ಲ, ನಿಜ. ಆದರೆ ವರ್ಣದ ಲೆಕ್ಕವನ್ನು ತಮ್ಮ ಬದುಕಿನಲ್ಲೇ ಸುಟ್ಟುಹಾಕಿದರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾದದ್ದಕ್ಕೆ ಆ ಇಬ್ಬರು ಶರಣರು ಎಳೆಹೂಟೆಗೆ ಗುರಿಯಾದರೆಂದು ನಮ್ಮ ಪರಂಪರೆ ಹೇಳುತ್ತದೆ. ಅಂಥ ಪರಂಪರೆಯ ವಾರಸುದಾರರು ಟಿ.ವಿ.ಯಲ್ಲಿ ಮನುಸ್ಮೃತಿಯ ಹೆಸರು ಬಂದ ಕೂಡಲೇ ಬೆಚ್ಚಿಬೀಳುವುದು ವಿಚಿತ್ರ. ನಮ್ಮವರಲ್ಲಿ ಕೆಲವರು ಆ ದೂರಿನ ಪರವಾಗಿ ಸಂದೇಶಗಳನ್ನು ಹಂಚಿದ್ದನ್ನು ನೋಡಿದ್ದೇನೆ. ಹಂಚುವ ಮೊದಲು ಹರಳಯ್ಯ ಮಧುವರಸರನ್ನು ಒಮ್ಮೆ ನೆನೆದಿದ್ದರೆ ಕೈ ತಡೆಯುತ್ತಿತ್ತು.

ಅಭಿಮಾನಿಗಳ ಚರ್ಚೆಯಲ್ಲಿ ಇನ್ನೊಂದು ಮಾತು ಬಂದಿತು. ಇದು ಅಷ್ಟೊಂದು ಬೆಲೆಯ ಪ್ರಶ್ನೆಯೇ? ಅಂಬೇಡ್ಕರರ ಜೀವನ ಓದಿದ ಹೈಸ್ಕೂಲು ಹುಡುಗನೂ ಥಟ್ಟನೆ ಹೇಳುತ್ತಾನಲ್ಲ ಎಂದು ಕೆಲವರು. ತಾರೀಖು ಕೊಟ್ಟು ಕೇಳಿದರೆ ಯಾರಿಗೆ ಗೊತ್ತಾಗುತ್ತದೆ, ಬಹಳ ಕಠಿಣ ಎಂದು ಕೆಲವರು. ಎರಡೂ ನಿಜ. ಈ ಕಾರ್ಯಕ್ರಮದಲ್ಲಿ ಮೊದಲ ಪ್ರಶ್ನೆಗಳಿಗೆ ಸಾವಿರದ ಲೆಕ್ಕದಲ್ಲಿ ಹಣ, ಮೇಲೆ ಹೋದಂತೆ ಲಕ್ಷ, ಕೋಟಿ. ಎಲ್ಲರಿಗೂ ಗೊತ್ತಿರಬೇಕಾದದ್ದು ಕೆಳಗೆ, ಕೆಲವರಿಗೆ ಮಾತ್ರ ಗೊತ್ತಿರುವುದು ಮೇಲೆ. ಪ್ರಶ್ನೆಯ ಬೆಲೆ ಆ ತಿಳಿವಳಿಕೆ ನಮ್ಮ ಸಮಾಜದಲ್ಲಿ ಎಷ್ಟು ಅಪರೂಪ ಎಂಬುದನ್ನು ಹೇಳುತ್ತದೆ. ದೇಶದ ಸಂವಿಧಾನ ರಚನೆಯ ಮುಂದಾಳು ತನ್ನ ಬದುಕಿನ ಬಹು ದೊಡ್ಡ ಪ್ರತಿಭಟನೆಯಲ್ಲಿ ಏನು ಮಾಡಿದರು ಎಂಬುದು ಆರೂವರೆ ಲಕ್ಷದ ಹತ್ತಿರದ ಪ್ರಶ್ನೆಯಾಗಿದೆ ಎಂದರೆ, ಅದು ಸಿನಿಮಾ ಹಾಡಿನಷ್ಟು, ಕ್ರಿಕೆಟ್ ರನ್ನಿನಷ್ಟು ಎಲ್ಲರ ಮನೆಗೆ ಬಂದಿಲ್ಲ ಎಂದರ್ಥ. ದಲಿತ ಕೇರಿಯ ಮಗುವಿಗೆ ಸುಲಭವಾದದ್ದು ನಮ್ಮ ಓಣಿಯ ಮಗುವಿಗೆ ಕಠಿಣವಾಗುತ್ತದೆ. ಒಂದೇ ಊರಿನಲ್ಲಿ ಬೆಳೆದ ಇಬ್ಬರು ಮಕ್ಕಳು ಎರಡು ಬೇರೆ ಇತಿಹಾಸ ಓದುತ್ತಿದ್ದಾರೆ. ಇದು ಪ್ರಶ್ನೆ ತಯಾರಿಸಿದವರ ತಪ್ಪಲ್ಲ, ಮಗುವಿನ ತಪ್ಪೂ ಅಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಬಹಳ ಜನ ಆಗಲೇ ಹೇಳಿದ್ದಾರೆ. ಯಾರೂ ಹೆಚ್ಚು ಹೇಳದೆ ಬಿಟ್ಟದ್ದು ಈಗ ಬರುತ್ತದೆ. ಆ ದಿನ ಹಾಟ್‌ಸೀಟಿನಲ್ಲಿ ಕುಳಿತು ಆ ಪ್ರಶ್ನೆಯನ್ನು ಎದುರಿಸಿದವರು ಯಾರು?

ನಟ ಅನೂಪ್ ಸೋನಿ ಜೊತೆಗಿದ್ದರು. ಕರ್ಮವೀರರಾಗಿ ಬಂದವರು ಬೆಜವಾಡ ವಿಲ್ಸನ್. ಈ ಹೆಸರು ಕೇಳಿ ಅವರು ನಮ್ಮ ರಾಜ್ಯದವರೆಂದು ಎಷ್ಟು ಜನಕ್ಕೆ ಹೊಳೆಯಿತು? 1966ರಲ್ಲಿ ಅವರು ಹುಟ್ಟಿದ್ದು ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿ. ಕೆಜಿಎಫ್ ಎಂದರೆ ಇವತ್ತಿನ ಹುಡುಗರಿಗೆ ಸಿನಿಮಾ ನೆನಪಾಗುತ್ತದೆ. ಹಿರಿಯರಿಗೆ ಚಿನ್ನ, ನೆಲದಡಿಯ ಸುರಂಗ, 2001ರಲ್ಲಿ ಮುಚ್ಚಿದ ಗಣಿ ನೆನಪಾಗುತ್ತದೆ. ಆ ಗಣಿ ಕಾರ್ಮಿಕರ ಕಾಲೊನಿಗಳಲ್ಲಿ ನೀರಿಲ್ಲದ ಒಣ ಪಾಯಿಖಾನೆಗಳಿದ್ದವು. ಅವುಗಳಲ್ಲಿನ ಮಲವನ್ನು ಪ್ರತಿದಿನ ಬಾಚಿ ಬಕೆಟ್ಟಿಗೆ ತುಂಬಿ ಹೊತ್ತು ಸಾಗಿಸುವ ಜನ ಇದ್ದರು. ವಿಲ್ಸನ್ ಅವರ ಮನೆಯವರು ಆ ಜನರಲ್ಲಿ ಸೇರಿದವರು. ತಾವು ಏನು ಕೆಲಸ ಮಾಡುತ್ತೇವೆ ಎಂಬುದನ್ನು ತಂದೆತಾಯಿ ಮಗನಿಗೆ ಹೇಳದೆ ಮುಚ್ಚಿಟ್ಟಿದ್ದರು ಎಂದು ಅವರೇ ಅನೇಕ ಕಡೆ ಹೇಳಿಕೊಂಡಿದ್ದಾರೆ. ಮಗನಿಂದ ತಮ್ಮ ದುಡಿಮೆಯನ್ನು ಬಚ್ಚಿಡಬೇಕಾದ ತಾಯಿಯ ಸ್ಥಿತಿಯನ್ನು ಒಂದು ಗಳಿಗೆ ಯೋಚಿಸಿ ನೋಡಿ.

ಮಗ ಬೆಳೆದು ತಿಳಿದುಕೊಂಡ ಮೇಲೆ ಸುಮ್ಮನೆ ಕೂಡಲಿಲ್ಲ. ಕೆಜಿಎಫ್‌ನಲ್ಲಿಯೇ ಆ ಪದ್ಧತಿಯ ವಿರುದ್ಧ ಅರ್ಜಿ ಬರೆಯುವುದರಿಂದ ಅವರ ಹೋರಾಟ ಆರಂಭವಾಯಿತು. ಮುಂದೆ ಗೆಳೆಯರೊಂದಿಗೆ ‘ಸಫಾಯಿ ಕರ್ಮಚಾರಿ ಆಂದೋಲನ’ ಕಟ್ಟಿದರು. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ ಕಾನೂನು ಸಂಸತ್ತಿನಲ್ಲಿ 1993ರಲ್ಲೇ ಆಗಿತ್ತು. ಕಾಗದದಲ್ಲಿದ್ದ ಅದು ನೆಲಕ್ಕಿಳಿಯಲಿಲ್ಲ. 2003ರಲ್ಲಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋಯಿತು. 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು. 2014ರ ಮಾರ್ಚ್ 27ರಂದು ಕೋರ್ಟು ತೀರ್ಪು ಕೊಟ್ಟು, 1993ರಿಂದ ಈಚೆಗೆ ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕುಗಳಲ್ಲಿ ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಮೊಕದ್ದಮೆಯಲ್ಲಿ ಆ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಕಾನೂನು ಬಂದು ಮೂವತ್ತು ವರ್ಷವಾದ ಮೇಲೂ ಸಾವಿನ ಪರಿಹಾರವನ್ನು ಏರಿಸಬೇಕಾಗಿ ಬಂದಿದೆ ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ.

ಇಂಥವರು ದೇಶದ ಅತಿ ಹೆಚ್ಚು ಜನ ನೋಡುವ ಕಾರ್ಯಕ್ರಮಗಳಲ್ಲೊಂದಕ್ಕೆ ಬಂದು ಕುಳಿತಿದ್ದರು. ಅವರು ತಮ್ಮ ಇಡೀ ಬದುಕಿನಿಂದ ನಮ್ಮನ್ನು ಕೇಳುತ್ತಿದ್ದ ಪ್ರಶ್ನೆಗೆ ಆಯ್ಕೆಗಳಿರಲಿಲ್ಲ: ನಿಮ್ಮ ಮಲವನ್ನು ಇನ್ನೂ ಮನುಷ್ಯನೇ ಏಕೆ ತೆಗೆಯಬೇಕು? ಆ ಪ್ರಶ್ನೆಯನ್ನು ದೂರು ಕೊಟ್ಟವರು ಎತ್ತಲಿಲ್ಲ. ದೂರನ್ನು ಖಂಡಿಸಿದ ನಮ್ಮಂಥವರೂ ಎತ್ತಲಿಲ್ಲ. ಎರಡು ಕಡೆಯವರೂ ಸುಟ್ಟ ಪುಸ್ತಕದ ಸುತ್ತಲೇ ಸುತ್ತಿದೆವು. ಮನುಸ್ಮೃತಿಯ ಬಗ್ಗೆ ವಾದ ಮಾಡುವುದು ನಮಗೆ ಸುಲಭ. ಅದರ ನೆರಳು ಇಂದಿಗೂ ಯಾರ ತಲೆಯ ಮೇಲೆ ಬಿದ್ದಿದೆಯೋ ಅವರನ್ನು ಎದುರಿಗೆ ಕೂರಿಸಿದಾಗ ನಮಗೆ ಮಾತು ಹೊರಡಲಿಲ್ಲ.

ಇದು ನಮ್ಮ ನಾಡಿಗೆ ಹೊಸತಲ್ಲ. ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರನ್ನು ನೆನಪಿಸಿಕೊಳ್ಳಿ. ದಲಿತ ಮನೆಯಲ್ಲಿ ಹುಟ್ಟಿ ಅಪ್ಪ ಬಸವಣ್ಣನವರ ಹೆಸರು ಹೊತ್ತವರು ಅವರು. 1973ರಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂಬ ಅರ್ಥದ ಮಾತಾಡಿದ್ದಕ್ಕೆ ರಾಜ್ಯವೇ ಹೊತ್ತಿ ಉರಿಯಿತು, ಮಂತ್ರಿ ಪದವಿ ಹೋಯಿತು. ಕನ್ನಡದ ಯಾವ ರಸಪ್ರಶ್ನೆ ಪುಸ್ತಕ ತೆರೆದರೂ ‘ಬೂಸಾ ಪ್ರಕರಣ’ಕ್ಕೆ ಕಾರಣರಾದ ಮಂತ್ರಿ ಯಾರು ಎಂಬ ಪ್ರಶ್ನೆಗೆ ಜಾಗವಿರುತ್ತದೆ. ಅದೇ ಬಸವಲಿಂಗಪ್ಪನವರು ಪೌರಾಡಳಿತ ಖಾತೆ ನೋಡಿಕೊಳ್ಳುತ್ತಿದ್ದಾಗ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾನೂನು ಬರುವುದಕ್ಕೆ ಎರಡು ದಶಕ ಮುಂಚಿನ ಮಾತು ಅದು. ಅದನ್ನು ಎಷ್ಟು ಜನ ಪ್ರಶ್ನೆಯಾಗಿ ಕೇಳುತ್ತಾರೆ? ಒಂದು ಪದ ನಮಗೆ ನೆನಪಿದೆ, ಒಂದು ಆಜ್ಞೆ ನೆನಪಿಲ್ಲ.

ಆಜ್ಞೆ ಮರೆತದ್ದರ ಫಲವನ್ನೂ ನಮ್ಮ ನಾಡು ಕಂಡಿದೆ. 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಾವು ಬಾಳಿಕೊಂಡಿದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ನಿಂತರು. ಹಾವೇರಿ ಎಲ್ಲೋ ದೂರದ ನಾಡಲ್ಲ. ಮಠಗಳು ಹೆಜ್ಜೆಹೆಜ್ಜೆಗೂ ಇರುವ, ಪ್ರವಚನಗಳು ವರ್ಷವಿಡೀ ನಡೆಯುವ ಸೀಮೆ ಅದು. ವಚನ ಕೇಳದ ಕಿವಿ ಆ ಸೀಮೆಯಲ್ಲಿ ಸಿಕ್ಕೀತೇ? ಆದರೂ ಆ ದಿನ ಬರುವ ತನಕ ಆ ಕುಟುಂಬಗಳ ಕೂಗು ನಮ್ಮ ಕಿವಿಗೆ ಬೀಳಲಿಲ್ಲ.

ಈಗ ನಮ್ಮ ಮನೆಯ ಕಡೆ ತಿರುಗೋಣ. ಬಸವ ಜಯಂತಿಯಲ್ಲಿ, ಶ್ರಾವಣ ಮಾಸದಲ್ಲಿ ನಮ್ಮ ಮಠಗಳೂ ಬಸವ ಕೇಂದ್ರಗಳೂ ಮಕ್ಕಳಿಗೆ ವಚನ ರಸಪ್ರಶ್ನೆ ಏರ್ಪಡಿಸುತ್ತವೆ. ಒಳ್ಳೆಯ ಕೆಲಸ. ಯಾರ ಅಂಕಿತ ಯಾವುದು, ಅಷ್ಟಾವರಣಗಳು ಯಾವುವು, ಷಟ್‌ಸ್ಥಲಗಳ ಕ್ರಮವೇನು, ಶೂನ್ಯ ಸಿಂಹಾಸನದ ಅಧ್ಯಕ್ಷರು ಯಾರು ಎಂದು ಕೇಳುತ್ತೇವೆ. ಮಕ್ಕಳು ಗಿಣಿಯಂತೆ ಹೇಳುತ್ತಾರೆ, ಬಹುಮಾನ ತೆಗೆದುಕೊಳ್ಳುತ್ತಾರೆ. ಕೊನೆಯ ಸುತ್ತಿಗೆ ಒಂದು ಚಮತ್ಕಾರದ ಪ್ರಶ್ನೆ ಇಟ್ಟಿರುತ್ತೇವೆ: ಕಾಯಕವೂ ಕೈಲಾಸವೂ ಒಂದೇ ಎಂದವರು ಯಾರು? ಮಕ್ಕಳೆಲ್ಲ ಒಕ್ಕೊರಲಿನಿಂದ ಬಸವಣ್ಣನವರು ಎನ್ನುತ್ತಾರೆ. ಪ್ರಶ್ನೆ ಕೇಳಿದವರು ನಕ್ಕು, ತಪ್ಪು, ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ ಎನ್ನುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ, ಕಾರ್ಯಕ್ರಮ ಮುಗಿಯುತ್ತದೆ.

ಮುಗಿಯಬಾರದು. ಅಲ್ಲಿಂದಲೇ ಶುರುವಾಗಬೇಕು. ಮಾರಯ್ಯನವರು ಯಾರು? ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದವರು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮನವರು ಅದನ್ನು ಒಪ್ಪದೆ ಸುರಿದು ಬನ್ನಿ ಎಂದು ತಿರುಗಿ ಕಳಿಸಿದರು. ಆ ಪ್ರಸಿದ್ಧ ಮಾತು ಅರಮನೆಯ ಭಂಡಾರಿಯ ಬಾಯಲ್ಲಿ ಬಾರದೆ ಅಕ್ಕಿ ಆಯುವ ಬಡವನ ಬಾಯಲ್ಲಿ ಬಂತು ಎಂಬುದರಲ್ಲೇ ಅದರ ತಿರುಳಿದೆ. ಇದನ್ನು ಮಕ್ಕಳಿಗೆ ಹೇಳದೆ ಕೇವಲ ಅಂಕ ಕಳೆಯುವುದಕ್ಕೆ ಮಾರಯ್ಯನವರನ್ನು ಬಳಸಿಕೊಂಡರೆ ಅದು ರಸಪ್ರಶ್ನೆ ಹೌದು, ಅನುಭಾವವಲ್ಲ.

ಅನುಭವ ಮಂಟಪದಲ್ಲಿಯೂ ಪ್ರಶ್ನೆಗಳೇ ನಡೆದವು. ಶೂನ್ಯಸಂಪಾದನೆಯನ್ನು ತೆರೆದು ನೋಡಿ, ಅದು ಪ್ರಶ್ನೋತ್ತರದ ಗ್ರಂಥ. ಅಲ್ಲಮಪ್ರಭುಗಳು ಅಕ್ಕಮಹಾದೇವಿಯವರನ್ನು ಕೇಳಿದ ಪ್ರಶ್ನೆಗಳು ಬಹಳ ಕಠಿಣ, ಒರಟು ಎನಿಸುವಷ್ಟು ಕಠಿಣ. ಆದರೆ ಅವು ಅಕ್ಕನನ್ನು ಸೋಲಿಸಲು ಕೇಳಿದವಲ್ಲ. ಅಕ್ಕ ಏನೆಂಬುದು ಅಲ್ಲಿದ್ದವರಿಗೆಲ್ಲ ತಿಳಿಯಲಿ ಎಂದು ಕೇಳಿದವು. ಅಲ್ಲಿ ಉತ್ತರ ಗೊತ್ತಿದ್ದರೆ ಸಾಲದು, ಉತ್ತರವನ್ನು ಬದುಕಿರಬೇಕಿತ್ತು.

ಪ್ರಶ್ನೆಗೆ ಹೆದರುವ ರೋಗ ಬೇರೆಯವರಿಗೆ ಮಾತ್ರ ಇದೆ ಎಂದೂ ಭಾವಿಸಬೇಡಿ. ಡಾ. ಎಂ.ಎಂ. ಕಲಬುರ್ಗಿಯವರು ‘ಮಾರ್ಗ’ ಸಂಪುಟದಲ್ಲಿ ಶರಣರ ಚರಿತ್ರೆಯ ಬಗ್ಗೆ ಎತ್ತಿದ ಸಂಶೋಧನೆಯ ಪ್ರಶ್ನೆಗಳನ್ನು 1989ರಲ್ಲಿ ನಮ್ಮವರ ಒತ್ತಡಕ್ಕೆ ಸಿಲುಕಿ ಹಿಂತೆಗೆದುಕೊಳ್ಳಬೇಕಾಯಿತು. ಅದನ್ನು ಬೌದ್ಧಿಕ ಆತ್ಮಹತ್ಯೆ ಎಂದು ಅವರೇ ಕರೆದುಕೊಂಡರು. ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರಾಗಿ ವಚನಗಳನ್ನು ಮನೆಮನೆಗೆ ತಲುಪಿಸಿದ ಆ ಹಿರಿಯರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದರು. ಲಾತೂರಿನ ದೂರನ್ನು ಟೀಕಿಸುವ ಹಕ್ಕು ನಮಗೆ ಬರಬೇಕಾದರೆ ನಮ್ಮಲ್ಲಿ ಏಳುವ ಪ್ರಶ್ನೆಯನ್ನು ತಾಳಿಕೊಳ್ಳುವ ಶಕ್ತಿಯೂ ಬರಬೇಕು.

ಹಾಗಾದರೆ ಆ ಸಂಚಿಕೆ ನಮ್ಮ ಮುಂದಿಟ್ಟ ನಿಜವಾದ ಪ್ರಶ್ನೆಗೆ ಬರೋಣ. ಕಾಯಕದ ಬಗ್ಗೆ ಲೋಕಕ್ಕೆ ಹೇಳುವವರು ನಾವು. ಯಾವ ಕಾಯಕವೂ ಕೀಳಲ್ಲ ಎಂದು ಗೋಡೆಯ ಮೇಲೆ ಬರೆಸಿದ್ದೇವೆ. ಈ ಮಾತನ್ನೇ ತಿರುಗಿಸಿ, ಮಲ ಬಾಚುವವರೂ ಅವರ ಕಾಯಕ ಮಾಡುತ್ತಿದ್ದಾರೆ, ಅದರಲ್ಲಿ ತಪ್ಪೇನು ಎಂದು ಹೇಳುವ ಭಕ್ತರನ್ನು ನಾನು ಕಂಡಿದ್ದೇನೆ. ಇದು ಬಸವತತ್ತ್ವಕ್ಕೆ ಮಾಡುವ ಬಹು ದೊಡ್ಡ ಅಪಚಾರ. ಕಾಯಕವೆಂದರೆ ಮನಸ್ಸಿಟ್ಟು ಮಾಡುವ ದುಡಿಮೆ, ಅದರಿಂದ ದೇಹಕ್ಕೆ ಅನ್ನ, ಸಮಾಜಕ್ಕೆ ದಾಸೋಹ, ಮಾಡುವವನಿಗೆ ಗೌರವ. ಶರಣರ ಮನೆಯಂಗಳ ಗುಡಿಸುವ ಕಾಯಕದ ಸತ್ಯಕ್ಕನವರು ಬೀದಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಕೈಯಿಂದ ಮುಟ್ಟೆನೆಂದು ಹೇಳುವಷ್ಟು ತಲೆಯೆತ್ತಿ ನಿಂತಿದ್ದರು. ಅವರ ವಚನಗಳು ಉಳಿದಿವೆ, ಅವರು ಶರಣೆಯರ ಸಾಲಿನಲ್ಲಿದ್ದಾರೆ. ಪೊರಕೆ ಹಿಡಿದ ಕೈಗೆ ಲೇಖನಿಯೂ ಲಿಂಗವೂ ಸಿಕ್ಕಿದ್ದು ಕಲ್ಯಾಣದಲ್ಲಿ. ಮ್ಯಾನ್‌ಹೋಲಿಗೆ ಇಳಿಯುವವನಿಗೆ ನಾವು ಏನು ಕೊಟ್ಟಿದ್ದೇವೆ? ಅವನು ಆ ಕೆಲಸವನ್ನು ಆರಿಸಿಕೊಂಡಿಲ್ಲ. ಅವನ ಜಾತಿ ಅದನ್ನು ಅವನಿಗೆ ಆರಿಸಿದೆ. ಹುಟ್ಟಿನಿಂದ ಹೇರಿದ್ದು, ಬಿಡಲು ಬಾರದ್ದು, ಜೀವ ತೆಗೆಯುವುದು ಕಾಯಕವಾಗಲಾರದು. ಅದು ಜೀತ. ಅದನ್ನು ಕಾಯಕ ಎಂದು ಕರೆದರೆ ನಾವು ವಚನದ ಭಾಷೆಯಲ್ಲಿ ಮನುವಿನ ಮಾತನ್ನೇ ಆಡಿದಂತೆ.

ಇದು ಸರ್ಕಾರದ ಕೆಲಸ, ಪುರಸಭೆಯ ಕೆಲಸ, ಮಠಕ್ಕೇನು ಸಂಬಂಧ ಎಂದು ಕೆಲವರು ಹೇಳಬಹುದು. ನಮ್ಮ ಮಠಗಳಲ್ಲಿ ಪ್ರಸಾದ ನಿಲಯಗಳಿವೆ, ಶಾಲೆಗಳಿವೆ, ಕಲ್ಯಾಣ ಮಂಟಪಗಳಿವೆ. ಜಾತ್ರೆಗೆ ಸಾವಿರಾರು ಜನ ಬರುತ್ತಾರೆ. ದಾಸೋಹದ ಅಡುಗೆ ಮನೆಯನ್ನು ಎಲ್ಲರಿಗೂ ಹೆಮ್ಮೆಯಿಂದ ತೋರಿಸುತ್ತೇವೆ. ಉಂಡ ಸಾವಿರಾರು ಜನರ ಶೌಚಾಲಯದ ಗುಂಡಿ ತುಂಬಿದಾಗ ಯಾರನ್ನು ಕರೆಯುತ್ತೇವೆ, ಹೇಗೆ ತೆಗೆಸುತ್ತೇವೆ ಎಂಬುದು ಎಷ್ಟು ಜನ ಭಕ್ತರಿಗೆ ಗೊತ್ತು? ಯಂತ್ರ ದೂರದಲ್ಲಿದೆ, ದುಬಾರಿ, ಅವರಾಗಿಯೇ ಇಳಿಯುತ್ತೇನೆ ಅಂದರು ಎಂಬ ಸಮಜಾಯಿಷಿಗಳು ಎಲ್ಲ ಕಡೆ ಕೇಳಿಬರುತ್ತವೆ. 2013ರ ಕಾನೂನಿನ ಪ್ರಕಾರ, ರಕ್ಷಣೆಯಿಲ್ಲದೆ ಒಬ್ಬ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಅಥವಾ ಒಳಚರಂಡಿಗೆ ಇಳಿಸಿದರೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಪುರಸಭೆಗೂ ಅನ್ವಯಿಸುತ್ತದೆ, ಮಠಕ್ಕೂ ಅನ್ವಯಿಸುತ್ತದೆ, ನಮ್ಮ ನಿಮ್ಮ ಮನೆಗೂ ಅನ್ವಯಿಸುತ್ತದೆ. ಕಾನೂನಿನ ಭಯದಿಂದಲ್ಲದಿದ್ದರೂ ದಯೆಯನ್ನೇ ಧರ್ಮದ ಮೂಲವೆಂದು ನಂಬಿದವರು ಎಂಬ ಕಾರಣಕ್ಕಾದರೂ ಇದನ್ನು ನಾವು ಮೊದಲು ನಿಲ್ಲಿಸಬೇಕು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನಾಳೆ ನಮ್ಮ ಮಕ್ಕಳೇ ನಮ್ಮನ್ನು ನೋಡಿ ಹೇಳಬಾರದು.

ಆದ್ದರಿಂದ ಪೂಜ್ಯರಲ್ಲಿಯೂ ಶರಣ ಬಂಧುಗಳಲ್ಲಿಯೂ ನನ್ನ ವಿನಂತಿ ಹೀಗಿದೆ.

ಒಂದು, ಪ್ರತಿಯೊಂದು ಮಠ, ಪ್ರಸಾದ ನಿಲಯ, ಬಸವ ಮಂಟಪದಲ್ಲಿ ಶೌಚಗುಂಡಿಯನ್ನು ಯಂತ್ರದಿಂದ ಮಾತ್ರ ಖಾಲಿ ಮಾಡಿಸುತ್ತೇವೆ, ಮನುಷ್ಯನನ್ನು ಇಳಿಸುವುದಿಲ್ಲ ಎಂಬ ನಿರ್ಣಯ ಮಾಡಿ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಬರೆಸಬೇಕು. ಚಿಕ್ಕ ಊರಿನಲ್ಲಿ ಯಂತ್ರ ಸಿಗದಿದ್ದರೆ ನಾಲ್ಕು ಮಠಗಳು ಸೇರಿ ವ್ಯವಸ್ಥೆ ಮಾಡಿಕೊಳ್ಳಬಹುದು. ತೇರು ಮಾಡಿಸಲು ಸೇರುವ ಕೈಗಳು ಇದಕ್ಕೂ ಸೇರಲಿ.

ಎರಡು, ಸೆಪ್ಟೆಂಬರ್ 23 ನಮ್ಮ ರಾಜ್ಯದಲ್ಲಿ ಪೌರಕಾರ್ಮಿಕರ ದಿನಾಚರಣೆ. ಆ ದಿನ ಊರಿನ ಪೌರಕಾರ್ಮಿಕರನ್ನು ಮಠಕ್ಕೆ ಕರೆದು ಶಾಲು ಹೊದಿಸಿ ಕಳಿಸಿದರೆ ಸಾಲದು. ಒಂದೇ ಪಂಕ್ತಿಯಲ್ಲಿ ಅವರೊಂದಿಗೆ ಪ್ರಸಾದ ಸ್ವೀಕರಿಸಬೇಕು. ಅವರ ಮಕ್ಕಳಿಗೆ ಪ್ರಸಾದ ನಿಲಯದಲ್ಲಿ ಜಾಗ ಮೀಸಲಿಡಬೇಕು. ತಂದೆಯ ಕೆಲಸ ಮಗನಿಗೆ ಬರದಂತೆ ಮಾಡುವುದೇ ನಾವು ಸಲ್ಲಿಸಬಹುದಾದ ನಿಜವಾದ ಗೌರವ.

ಮೂರು, ನಮ್ಮ ವಚನ ರಸಪ್ರಶ್ನೆಯನ್ನು ಬದಲಾಯಿಸೋಣ. ಅಂಕಿತಗಳನ್ನು ಕೇಳುವುದು ಬೇಡ ಎನ್ನುವುದಿಲ್ಲ, ಅದೂ ಬೇಕು. ಜೊತೆಗೆ ಪ್ರತಿ ಸುತ್ತಿನಲ್ಲಿ ಆಯ್ಕೆಗಳಿಲ್ಲದ ಒಂದು ಪ್ರಶ್ನೆ ಇರಲಿ. ನಿಮ್ಮ ಓಣಿಯ ಚರಂಡಿ ತೆಗೆಯುವವರ ಹೆಸರೇನು? ಅವರ ಮನೆ ಎಲ್ಲಿದೆ? ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ? ಕಲ್ಯಾಣದ ಕಾಯಕಜೀವಿಗಳ ಹೆಸರನ್ನು ಎಂಟು ಶತಮಾನಗಳ ಆಚೆಯಿಂದ ಬಾಯಿಪಾಠ ಹೇಳುವ ಮಗು ತನ್ನ ಓಣಿಯ ಕಾಯಕಜೀವಿಯ ಹೆಸರು ಹೇಳಲಾರದೆ ನಿಂತರೆ, ತಪ್ಪು ಉತ್ತರ ಕೊಟ್ಟವರು ಕಲಿಸಿದ ನಾವು.

ನಾಲ್ಕು, ಮಹಾಡದ ಕೆರೆಯ ಕಥೆಯನ್ನೂ ಬಸವಲಿಂಗಪ್ಪನವರ ಆಜ್ಞೆಯನ್ನೂ ಕೆಜಿಎಫ್‌ನಲ್ಲಿ ಹುಟ್ಟಿದ ಹುಡುಗನೊಬ್ಬನ ಹೋರಾಟವನ್ನೂ ನಮ್ಮ ಪ್ರವಚನಗಳಲ್ಲಿ ಹೇಳೋಣ. ಶರಣರ ಕಥೆಗಳ ಪಕ್ಕದಲ್ಲಿಟ್ಟರೆ ಅವು ಬೇರೆಯವರ ಕಥೆಗಳಾಗಿ ಕಾಣುವುದಿಲ್ಲ. ಆಗ 6 ಲಕ್ಷ 40 ಸಾವಿರದ ಆ ಪ್ರಶ್ನೆ ನಮ್ಮ ಮಕ್ಕಳಿಗೆ ಮೊದಲ ಸುತ್ತಿನ ಸುಲಭದ ಪ್ರಶ್ನೆಯಾಗುತ್ತದೆ. ಆ ದಿನ ಬಂದರೆ ಪೊಲೀಸ್ ಠಾಣೆಗೆ ಹೋಗುವ ಅಗತ್ಯ ಯಾರಿಗೂ ಕಾಣುವುದಿಲ್ಲ.

ಟಿ.ವಿ.ಯ ಆಟದಲ್ಲಿ ಉತ್ತರ ಗೊತ್ತಿಲ್ಲದವರಿಗೆ ಆಟ ಬಿಟ್ಟು, ಅಲ್ಲಿಯವರೆಗೆ ಗೆದ್ದದ್ದನ್ನು ಎತ್ತಿಕೊಂಡು ಹೋಗುವ ಅವಕಾಶವಿದೆ. ಬೆಜವಾಡ ವಿಲ್ಸನ್ ಅವರಂಥವರು ನಮ್ಮ ಮುಂದಿಟ್ಟಿರುವ ಪ್ರಶ್ನೆಗೆ ಆ ಅವಕಾಶವಿಲ್ಲ. ಬರುವ ಬಸವ ಜಯಂತಿಯ ಹೊತ್ತಿಗೆ ತಮ್ಮ ತಮ್ಮ ಊರಿನ ಮಠದಲ್ಲಿ ಮೊದಲನೆಯ ನಿರ್ಣಯವಾದರೂ ಆಗುವಂತೆ ಭಕ್ತರು ಒತ್ತಾಯಿಸಬೇಕು, ಪೂಜ್ಯರು ಮುಂದಾಗಬೇಕು ಎಂದು ಬೇಡಿಕೊಳ್ಳುತ್ತೇನೆ.